ಕುಪ್ಯದ ಒಳಮಗ್ಗುಲು

ಕೈಲ್‌ಪೊದ್ ಹಬ್ಬದ ಮುನ್ನಾದಿನ ಪಾಲಿಬೆಟ್ಟದ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಮಳೆ ಹೊಳವಾಗಿತ್ತು. ಅವರ ತಾಯಿ ಪೆಟ್ಟಿಗೆಯಿಂದ ಕರಿಯ ಕುಪ್ಯವನ್ನು ತೆಗೆದು, ಬಣ್ಣ ಮಾಸದಂತೆ ನೆರಳಿನಲ್ಲಿ ಗಾಳಿಗೆ ಹರವಿದರು. ಕೆಂಪು ರೇಷ್ಮೆಯ ಚೇಲೆಯನ್ನು ಅದರ ಜರಿ ಮುರಿಯದಂತೆ ಸುರುಳಿ ಸುತ್ತಿಟ್ಟರು. ಪೀಚೆಕತ್ತಿಯ ಬೆಳ್ಳಿಯನ್ನು ಉಜ್ಜಿ ಒರೆಸಿದರು.

ಈ ನಿಲುವಂಗಿಯನ್ನೂ ನಡುಕಟ್ಟನ್ನೂ ರಿಕ್ಟರ್ ಸಾಹೇಬರು 1870ರ ತಮ್ಮ ಕೊಡಗಿನ ಕೈಪಿಡಿಯಲ್ಲಿ ವರ್ಣಿಸಿದ್ದಾರೆ. ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ. ಕಾಲಕ್ರಮದಲ್ಲಿ ಷರಟು, ಪ್ಯಾಂಟುಗಳು ಬಂದು, ಕುಪ್ಯ ಹಬ್ಬ-ಮದುವೆಗಳಿಗೆ ಮೀಸಲಾಯಿತು.

1970ರ ದಶಕದಲ್ಲಿ ಲಂಡನ್ನಿನ ಪಂಕ್ ತರುಣರು ಚರ್ಮದ ಜಾಕೆಟ್ಟಿಗೆ ಪಿನ್ನು, ಮೊಳೆಗಳನ್ನು ಚುಚ್ಚಿ ತಾವು ಎಲ್ಲರಂತಲ್ಲವೆಂದು ಸಾರಿದರು. ಕುಪ್ಯದ ಮಾತು ಬೇರೆ. ಹೊರಗಿನಿಂದ ನೋಡಿದರೆ ಎಲ್ಲರದೂ ಒಂದೇ.

“ಒಳಗೆ ನೋಡಿ ಮೇಷ್ಟ್ರೇ” ಎಂದು ಆ ತಾಯಿ ಅಂಗಿಯನ್ನು ಮಗುಚಿದರು. ಮಾವನವರ ಮೈಗೆ ಹೊಲಿದದ್ದು, ಗಂಡನಿಗಾಗಿ ಬಿಚ್ಚಿ ಸಡಿಲಿಸಿದ್ದು, ಮಗನಿಗಾಗಿ ಮತ್ತೆ ಹಿಡಿದದ್ದು: ಮೂರು ನೂಲಿನ ಮೂರು ಗೆರೆಗಳು.

ಬೆಂಗಳೂರಿನಲ್ಲಿರುವ ಮೊಮ್ಮಗ ಹೊಸದನ್ನೇ ಹೊಲಿಸುತ್ತೇನೆಂದು ಬರೆದಿದ್ದನಂತೆ. ಏನು ಹೇಳಿದಿರಿ ಎಂದು ಕೇಳಿದೆ.

“ಹೊಲಿಸಲಿ. ಇದರಲ್ಲಿ ಇನ್ನೂ ಒಂದು ಗೆರೆಗೆ ಬಟ್ಟೆಯಿದೆ ಎಂದೆ, ಅಷ್ಟೆ.”