ಒಂದು ಟನ್ನಿನ ಪೆಟ್ಟಿಗೆಯಿಂದ ಅಂಗೈಯಗಲದ ಡಿಸ್ಕಿನವರೆಗೆ

ಪ್ಲಸ್ ಟು ಮಕ್ಕಳಿಂದ ಹಿಡಿದು ಗಲ್ಫಿನಿಂದ ರಜೆಗೆ ಬಂದ ಅಣ್ಣಂದಿರವರೆಗೆ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ: "ಲ್ಯಾಪ್‌ಟಾಪ್ ತುಂಬಿದೆ, ಹೊರಗಿನ ಹಾರ್ಡ್ ಡಿಸ್ಕ್ ಒಂದು ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು?" ಪ್ರಶ್ನೆಯಲ್ಲೇ ಒಂದು ತೊಡಕಿದೆ. ಫೋಟೋಗಳನ್ನು ಡಿಸ್ಕಿಗೆ ಸಾಗಿಸಿ ಲ್ಯಾಪ್‌ಟಾಪಿನಿಂದ ಅಳಿಸಿದರೆ ಅದು ಬ್ಯಾಕಪ್ ಆಗುವುದಿಲ್ಲ. ಇರುವುದು ಆಗಲೂ ಒಂದೇ ಪ್ರತಿ. ಅದರ ಮನೆ ಬದಲಾಯಿತು, ಅಷ್ಟೆ. ತೀರಿಹೋದ ಅಜ್ಜಿಯ ಧ್ವನಿ ಇರುವ ವಿಡಿಯೋ ಯಾವ ಅಂಗಡಿಯಲ್ಲೂ ಮತ್ತೆ ಸಿಗದು. ಹಾಗಾಗಿ ಡಿಸ್ಕ್ ಕೊಳ್ಳುವ ಮೊದಲು ಈ ವಸ್ತುಗಳು ಎಲ್ಲಿಂದ ಬಂದವು, ಹೇಗೆಲ್ಲ ಕೈಕೊಟ್ಟವು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಅಮೆರಿಕದ ಐಬಿಎಂ ಕಂಪನಿಯಿಂದ ಬಂತು. ರಾಮ್ಯಾಕ್ ಎಂಬ ಕಂಪ್ಯೂಟರಿನ ಜೊತೆಗಿದ್ದ ಆ ಪೆಟ್ಟಿಗೆ ಸುಮಾರು ಒಂದು ಟನ್ ತೂಗುತ್ತಿತ್ತು. ಅದರೊಳಗೆ 24 ಇಂಚು ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ಇಷ್ಟೆಲ್ಲ ಸೇರಿ ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು. ಈಗಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋ ಹಾಕಿದರೆ ಅದು ತುಂಬಿಹೋಗುತ್ತಿತ್ತು! ಆಗ ಓದುವ ಮುಳ್ಳಿಗೂ ತಟ್ಟೆಗೂ ನಡುವಿನ ಅಂತರ ಸುಮಾರು 20 ಮೈಕ್ರಾನ್. ಈಗ ಅದು ಕೆಲವೇ ನ್ಯಾನೋಮೀಟರ್, ಅಂದರೆ ಸಾವಿರಾರು ಪಟ್ಟು ಕಡಿಮೆ. ಅಂಗೈಯಗಲದ ಡಿಸ್ಕಿನಲ್ಲಿ ಟೆರಾಬೈಟುಗಟ್ಟಲೆ ಮಾಹಿತಿ ಹಿಡಿಯುವುದಕ್ಕೂ, ಅದೇ ಡಿಸ್ಕ್ ಓಡುತ್ತಿರುವಾಗ ಮೇಜಿನಿಂದ ಒಮ್ಮೆ ಬಿದ್ದರೆ ಕೆಟ್ಟುಹೋಗುವುದಕ್ಕೂ ಈ ಅಂತರವೂ ಒಂದು ಕಾರಣ.

ಆಮೇಲೆ ಒಂದರ ಹಿಂದೆ ಒಂದು ಬಂದವು. 1971ರಲ್ಲಿ ಎಂಟಿಂಚಿನ ಫ್ಲಾಪಿ. ಮುಂದೆ ನಮ್ಮ ಹಿರಿಯರು ಕಂಪ್ಯೂಟರ್ ಕ್ಲಾಸಿಗೆ ಒಯ್ಯುತ್ತಿದ್ದ 1.44 ಎಂಬಿಯ ಪುಟ್ಟ ಫ್ಲಾಪಿ, ಸಿಡಿ, 1994ರಲ್ಲಿ 100 ಎಂಬಿಯ ಜಿಪ್ ಡಿಸ್ಕ್, 2000ದಲ್ಲಿ 8 ಎಂಬಿಯ ಪೆನ್ ಡ್ರೈವ್. ಜಿಪ್ ಡ್ರೈವಿನ ಕಥೆ ವಿಚಿತ್ರ. ಕೆಟ್ಟ ಡ್ರೈವ್ 'ಟಿಕ್ ಟಿಕ್' ಎಂದು ಸದ್ದು ಮಾಡುತ್ತಾ ಒಳಗಿನ ಡಿಸ್ಕನ್ನು ಹಾಳುಮಾಡುತ್ತಿತ್ತು. ಆ ಡಿಸ್ಕನ್ನು ಇನ್ನೊಂದು ಒಳ್ಳೆಯ ಡ್ರೈವಿಗೆ ಹಾಕಿದರೆ ಅದೂ ಕೆಡಬಹುದಿತ್ತು. ಸಾಂಕ್ರಾಮಿಕ ರೋಗದ ಹಾಗೆ.

ವಸ್ತು ಕೆಡದಿದ್ದರೂ ಮಾಹಿತಿ ಕೈತಪ್ಪಬಹುದು. ಇಂಗ್ಲೆಂಡಿನಲ್ಲಿ 1086ರಲ್ಲಿ ವಿಲಿಯಂ ರಾಜ ಮಾಡಿಸಿದ ಭೂಮಿಯ ಲೆಕ್ಕದ ದಾಖಲೆಗೆ ಡೂಮ್ಸ್‌ಡೇ ಪುಸ್ತಕ ಎಂದು ಹೆಸರು. ಅದರ 900 ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಒಂದು ಹೊಸ ದಾಖಲೆ ಮಾಡಿತು. ಶಾಲೆಯ ಮಕ್ಕಳು ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ಬಗ್ಗೆ ಬರೆದರು, ಚಿತ್ರ ಕಳುಹಿಸಿದರು. ಎಲ್ಲವನ್ನೂ ಆ ಕಾಲದ ಅತ್ಯಾಧುನಿಕ ಲೇಸರ್ ಡಿಸ್ಕುಗಳಿಗೆ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವನ್ನು ಓದುವ ಯಂತ್ರ ಸಿಗುವುದೇ ಕಷ್ಟವಾಯಿತು. ಪರಿಣತರು ಶ್ರಮಪಟ್ಟು ಅದನ್ನು ಉಳಿಸಿದರು, ನಿಜ. ಆದರೆ ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಬರೆದ ಹಳೆಯ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಇಂದಿಗೂ ನೇರವಾಗಿ ಓದುತ್ತಾರೆ.

1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಸಿನಿಮಾ ತಯಾರಾಗುತ್ತಿತ್ತು. ಯಾರೋ ತಪ್ಪಾಗಿ ಕೊಟ್ಟ ಒಂದು ಆದೇಶದಿಂದ ಫೈಲುಗಳು ಒಂದೊಂದಾಗಿ ಅಳಿಯತೊಡಗಿದವು. ಬ್ಯಾಕಪ್ ಟೇಪ್ ಇತ್ತಲ್ಲ ಎಂದು ತೆಗೆದು ನೋಡಿದರೆ ಅದು ಸರಿಯಾಗಿ ದಾಖಲಾಗಿರಲೇ ಇಲ್ಲ. ಕೊನೆಗೆ ನೆರವಿಗೆ ಬಂದದ್ದು ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ಮುಖ್ಯಸ್ಥೆಯ ಮನೆಯ ಕಂಪ್ಯೂಟರ್. ಹಸುಗೂಸನ್ನು ನೋಡಿಕೊಂಡು ಮನೆಯಿಂದಲೇ ಕೆಲಸ ಮಾಡಲೆಂದು ಅವರು ಸಿನಿಮಾದ ಪ್ರತಿಯೊಂದನ್ನು ಅಲ್ಲಿ ಇಟ್ಟುಕೊಂಡಿದ್ದರು. ಕಂಪ್ಯೂಟರಿಗೆ ಕಂಬಳಿ ಸುತ್ತಿ ಕಾರಿನಲ್ಲಿ ಮೆಲ್ಲಗೆ ತಂದರಂತೆ. ದೊಡ್ಡ ಸಂಸ್ಥೆಯ ವ್ಯವಸ್ಥೆಗಿಂತ ಬಾಣಂತಿಯ ಮನೆಯ ಪ್ರತಿಯೇ ಉಪಕಾರಕ್ಕೆ ಬಂತು, ಏಕೆಂದರೆ ಅದು ಬೇರೆ ಕಡೆ ಇತ್ತು.

ಪ್ರತಿಯನ್ನು ಬೇರೆ ಕಡೆ ಇಡುವ ಕ್ರಮ ಚರ್ಚಿನವರಿಗೆ ಹೊಸದಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಮದುವೆಯ ದಾಖಲೆ ಪುಸ್ತಕವನ್ನು ಕಡ್ಡಾಯ ಮಾಡಿತು. 1917ರ ಧರ್ಮಸಭೆಯ ಕಾನೂನು ಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳ ಪ್ರತಿಯನ್ನು ವರ್ಷದ ಕೊನೆಗೆ ಬಿಷಪರ ಕಚೇರಿಗೆ ಕಳುಹಿಸಬೇಕೆಂದು ವಿಧಿಸಿತು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ 1598ರಿಂದಲೇ ಇಂಥ ಪದ್ಧತಿಯಿತ್ತು. ಮೂಲ ಪುಸ್ತಕ ಬೆಂಕಿಗೋ ತೇವಕ್ಕೋ ಬಲಿಯಾದಲ್ಲಿ ವಂಶದ ಬೇರು ಹುಡುಕುವವರಿಗೆ ಇಂದಿಗೂ ಆ ಪ್ರತಿಗಳೇ ಗತಿ.

ಈಗ ಅಂಗಡಿಗೆ ಹೋಗೋಣ. ಮನೆಯ ಫೋಟೋ, ವಿಡಿಯೋ, ಸರ್ಟಿಫಿಕೇಟುಗಳ ಸ್ಕ್ಯಾನ್ ಇಷ್ಟಕ್ಕೆ ನನ್ನ ಮಟ್ಟಿಗೆ 2.5 ಇಂಚಿನ ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಾಕು. ಅದಕ್ಕೆ ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿಯಿಂದಲೇ ಕರೆಂಟು ಪಡೆಯುತ್ತದೆ. 3.5 ಇಂಚಿನ ದೊಡ್ಡದಕ್ಕೆ ಪ್ರತ್ಯೇಕ ಪ್ಲಗ್ ಬೇಕು. ಕರೆಂಟು ಹೋಗಿ ಬರುವ ನಮ್ಮೂರುಗಳಲ್ಲಿ ಅದೊಂದು ತಲೆನೋವು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ವೇಗ ಹೆಚ್ಚು, ಬಿದ್ದರೂ ತಾಳಿಕೊಳ್ಳುತ್ತದೆ. ದಿನವೂ ಬ್ಯಾಗಿನಲ್ಲಿ ಒಯ್ಯುವವರು ಅದನ್ನೇ ಕೊಳ್ಳಲಿ. ಆದರೆ ಅದರಲ್ಲಿ ಮಾಹಿತಿ ನಿಂತಿರುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ಮನೆ ಬಿಟ್ಟರೆ ಆವೇಶ ಮೆಲ್ಲಗೆ ಸೋರಿಹೋಗಬಹುದು. ಪೆನ್ ಡ್ರೈವನ್ನು ಬ್ಯಾಕಪ್ಪಿಗೆ ನಂಬಬೇಡಿ. ನಂಬಲಾಗದಷ್ಟು ಅಗ್ಗದ ಬೆಲೆಗೆ 2 ಟಿಬಿ ಎಂದು ಬರೆದು ಮಾರುವಂಥದ್ದನ್ನು ಮುಟ್ಟಲೂಬೇಡಿ. ಒಳಗೆ ಅದರ ಹತ್ತನೇ ಒಂದು ಪಾಲೂ ಇರದ ನಕಲಿ ಮಾಲುಗಳಿವೆ. ಅಂದಹಾಗೆ, 1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ಲೆಕ್ಕ ಹಾಕುವ ಕ್ರಮದ ವ್ಯತ್ಯಾಸ. ಲ್ಯಾಪ್‌ಟಾಪಿನಲ್ಲಿರುವ ಮಾಹಿತಿಯ ಎರಡು ಪಟ್ಟು ಜಾಗವಿರುವ ಡಿಸ್ಕ್ ತಂದರೆ ಕೆಲವು ವರ್ಷ ಚಿಂತೆಯಿಲ್ಲ.

ಸಾಧ್ಯವಾದರೆ ದೊಡ್ಡದೊಂದರ ಬದಲು ಸಾಧಾರಣ ಗಾತ್ರದ ಎರಡು ಕೊಳ್ಳಿ. ಒಂದು ಮನೆಯಲ್ಲಿರಲಿ, ಇನ್ನೊಂದು ಚಿಕ್ಕಮ್ಮನ ಮನೆಯಲ್ಲೋ, ಮಂಗಳೂರಿನಲ್ಲಿರುವ ಅಕ್ಕನ ಬಳಿಯೋ ಇರಲಿ. ಹಬ್ಬಕ್ಕೆ ಬಂದುಹೋಗುವಾಗ ಅದಲು ಬದಲು ಮಾಡಿಕೊಳ್ಳಬಹುದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರವೂ ಹೆಚ್ಚುಕಡಿಮೆ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಕ್ಲೌಡ್ ಇದೆಯಲ್ಲ ಎನ್ನುವವರು ಒಂದು ಮಾತು ಗಮನಿಸಿ. ಲ್ಯಾಪ್‌ಟಾಪಿಗೆ ಜೋಡಿಸಿ 'ಸಿಂಕ್' ಮಾಡಿಟ್ಟಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಕೆಲಸ ಮುಗಿದ ಮೇಲೆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಬಿಡಬೇಡಿ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ವೈರಸ್ ಕಂಪ್ಯೂಟರಿನ ಜೊತೆಗೆ ಅದಕ್ಕೆ ಜೋಡಿಸಿದ್ದ ಡಿಸ್ಕಿಗೂ ಬೀಗ ಹಾಕಿ ಹಣ ಕೇಳುತ್ತಿತ್ತು. ಇನ್ನು ನಮ್ಮ ಕಾಸರಗೋಡಿನ ಕಡೆಯ ಸಿಡಿಲು ವೈರಸ್ಸಿನ ಹಾಗೆ ಹಣವನ್ನೂ ಕೇಳುವುದಿಲ್ಲ! ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊರಗೆ ಕೊನೆಯ ಬ್ಯಾಕಪ್ಪಿನ ತಾರೀಕು ಬರೆದಿರಲಿ. ಪಾಸ್‌ವರ್ಡ್ ಹಾಕಿದ್ದರೆ ಅದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ. ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಹಳೆಯ ಫೋಟೋ ಹತ್ತು, ವಿಡಿಯೋ ಒಂದು ತೆರೆದು ನೋಡಿ.