ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಳೆಗಳಲ್ಲಿ ಥ್ರಿಪ್ಸ್ ನುಸಿಯ ಬಾಧೆ ಹಾಗೂ ಹತೋಟಿ ಕ್ರಮಗಳು

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಈರುಳ್ಳಿ (ಉಳ್ಳಾಗಡ್ಡಿ) ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದ ಕೀಟ ಥ್ರಿಪ್ಸ್ ನುಸಿ. ಇದು ಬೆಳ್ಳುಳ್ಳಿಯನ್ನೂ ಬಾಧಿಸುತ್ತದೆ. ಒಣ ಹವೆಯಲ್ಲಿ ಇದರ ಸಂಖ್ಯೆ ಶೀಘ್ರವಾಗಿ ಹೆಚ್ಚುತ್ತದೆ. ಜೋರು ಮಳೆಯಾದಲ್ಲಿ ತಗ್ಗುತ್ತದೆ.

ಹಾನಿಯ ಲಕ್ಷಣಗಳು:
ಸುಮಾರು 1 ಮಿ.ಮೀ. ಉದ್ದದ, ತಿಳಿಹಳದಿಯಿಂದ ಕಂದು ಬಣ್ಣದ ಈ ಕೀಟವು ಸುಳಿಯಲ್ಲಿ ಅಡಗಿದ್ದು, ಎಲೆಯನ್ನು ಕೆರೆದು ರಸ ಹೀರುತ್ತದೆ. ಎಲೆಗಳ ಮೇಲೆ ಬೆಳ್ಳಿಯಂತಹ ಬಿಳಿ ಮಚ್ಚೆಗಳು ಕಾಣಿಸಿಕೊಂಡು ತುದಿಗಳು ಒಣಗುತ್ತವೆ. ಗಡ್ಡೆಯ ಗಾತ್ರ ಮತ್ತು ಇಳುವರಿ ಕುಂಠಿತಗೊಳ್ಳುತ್ತವೆ.

ಒಂದೇ ಸಿಂಪರಣೆ ಸಾಲದಿರಲು ಕಾರಣ:
ಮೊಟ್ಟೆಗಳು ಎಲೆಯ ಅಂಗಾಂಶದೊಳಗೆ ಇರುತ್ತವೆ. ಕೋಶಾವಸ್ಥೆಯು ಮಣ್ಣಿನಲ್ಲಿ ಕಳೆಯುತ್ತದೆ. ಸಿಂಪರಣೆಯು ಇವೆರಡನ್ನೂ ತಲುಪುವುದಿಲ್ಲ. ಆದ್ದರಿಂದ ಕೆಲವೇ ದಿನಗಳಲ್ಲಿ ಕೀಟವು ಮರುಕಳಿಸುತ್ತದೆ. ಒಂದೇ ಔಷಧಿಯನ್ನು ಪದೇ ಪದೇ ಬಳಸಿದಲ್ಲಿ ಕೀಟದಲ್ಲಿ ನಿರೋಧಕ ಶಕ್ತಿ ಬೆಳೆದು, ಖರ್ಚು ಮಾತ್ರ ಹೆಚ್ಚುತ್ತದೆ.

ಹತೋಟಿ ಕ್ರಮಗಳು:
1. ನಾಟಿಗೆ ಕನಿಷ್ಠ 30 ದಿನ ಮುಂಚಿತವಾಗಿ ಹೊಲದ ಸುತ್ತ ಎರಡು ಸಾಲು ಗೋವಿನಜೋಳ ಬಿತ್ತುವುದು. ಇದು ಹೊರಗಿನಿಂದ ಬರುವ ಕೀಟಗಳನ್ನು ತಡೆಯುತ್ತದೆ.
2. ಸೌಲಭ್ಯವಿದ್ದಲ್ಲಿ ತುಂತುರು ನೀರಾವರಿ ಅನುಸರಿಸುವುದು.
3. ವಾರಕ್ಕೊಮ್ಮೆ ಹೊಲದ ವಿವಿಧೆಡೆ ಗಿಡಗಳ ಸುಳಿ ಬಿಡಿಸಿ ಕೀಟಗಳನ್ನು ಎಣಿಸುವುದು. ಪ್ರತಿ ಗಿಡಕ್ಕೆ ಸರಾಸರಿ 30 ಕೀಟಗಳು ಕಂಡುಬಂದಲ್ಲಿ ಮಾತ್ರ ಕೀಟನಾಶಕ ಸಿಂಪಡಿಸುವುದು.
4. ಈರುಳ್ಳಿ ಎಲೆಯ ಮೇಲೆ ಮೇಣದ ಪದರವಿರುವುದರಿಂದ ದ್ರಾವಣಕ್ಕೆ ಅಂಟು ಪದಾರ್ಥ ಬೆರೆಸಿ, ಸುಳಿಗೆ ತಲುಪುವಂತೆ ಸಿಂಪಡಿಸುವುದು.
5. ಔಷಧಿಗಳನ್ನು ಬದಲಾಯಿಸುತ್ತಾ ಬಳಸುವುದು. ಚೀಟಿಯಲ್ಲಿ ಸೂಚಿಸಿದ ಪ್ರಮಾಣವನ್ನೂ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನೂ ಪಾಲಿಸುವುದು.

ವಿಶೇಷ ಸೂಚನೆ:
ಬೆಳ್ಳುಳ್ಳಿಯ ಎಲೆಗಳು ಬಿಚ್ಚಿಕೊಳ್ಳದೆ ಸುರುಳಿ ಸುತ್ತಿಕೊಂಡಿದ್ದಲ್ಲಿ ಅದು ಮೈಟ್ ನುಸಿಯ ಬಾಧೆಯಾಗಿರಬಹುದು. ಎರಡನ್ನೂ ನುಸಿ ಎಂದೇ ಕರೆಯುವುದು ರೂಢಿಯಲ್ಲಿದ್ದರೂ ಮೈಟ್ ಕೀಟವಲ್ಲ; ಅದಕ್ಕೆ ಬೇರೆ ಔಷಧಿ ಬೇಕಾಗುತ್ತದೆ. ಗುರುತಿಸಿದ ನಂತರವೇ ಔಷಧಿ ಖರೀದಿಸತಕ್ಕದ್ದು.

ಸಲಹೆ ಪಡೆಯುವ ವಿಧಾನ:
ರೈತರು ಬಾಧಿತ ಗಿಡವನ್ನು ಬೇರುಸಹಿತ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನಾಟಿ ಮಾಡಿದ ದಿನಾಂಕ ಹಾಗೂ ಈಗಾಗಲೇ ಸಿಂಪಡಿಸಿದ ಔಷಧಿಯ ಹೆಸರನ್ನು ತಿಳಿಸಿದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಛೇರಿಯನ್ನು ಅಥವಾ 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರನ್ನು ಸಂಪರ್ಕಿಸಬಹುದಾಗಿದೆ.