ಆರನ್ಮುಳದ ಕಾವಲು ದೋಣಿಗಳು

ಕೇರಳದ ದೋಣಿಹಬ್ಬವೆಂದರೆ ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮೊದಲು ನೆನಪಾಗುವುದು ಆಲಪ್ಪುಳದ ನೆಹರೂ ಟ್ರೋಫಿ. 1952ರಲ್ಲಿ ನೆಹರೂ ಅವರ ಭೇಟಿಯಿಂದ ಹುಟ್ಟಿದ ಆ ಪಂದ್ಯಕ್ಕೆ ವೇಗವೇ ಪ್ರಾಣ. ಪಂಪಾ ನದಿಯ ಆರನ್ಮುಳದ್ದು ಬೇರೆ ಬಗೆ. ಅಲ್ಲಿಯೂ ಮನ್ನಂ ಟ್ರೋಫಿ ಇದೆ, ನಿಜ. ಆದರೂ ಅದನ್ನು ಪಂದ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಐತಿಹ್ಯ ಹೀಗಿದೆ. ಕಾಟ್ಟೂರಿನ ಮಂಙಾಟ್ಟು ಭಟ್ಟತಿರಿ ಪ್ರತಿ ತಿರುವೋಣಕ್ಕೂ ಪಾರ್ಥಸಾರಥಿ ದೇವಸ್ಥಾನಕ್ಕೆ ಅಕ್ಕಿ, ಕಾಯಿಪಲ್ಯಗಳನ್ನು ದೋಣಿಯಲ್ಲಿ ಒಯ್ಯುತ್ತಿದ್ದರು. ಒಂದು ವರ್ಷ ದಾರಿಯಲ್ಲಿ ಆ ದೋಣಿಯ ಮೇಲೆ ದಾಳಿಯಾಯಿತು. ಎರಡೂ ದಡದ ಜನ ತಮ್ಮ ತಮ್ಮ ದೋಣಿಗಳಲ್ಲಿ ಧಾವಿಸಿ ಬಂದು ಕಾವಲು ನಿಂತರು. ಆ ಕಾವಲೇ ಮೆರವಣಿಗೆಯಾಯಿತು. ಸಿಂಹಮಾಸದ, ಎಂದರೆ ನಮ್ಮ ಸೋಣ ತಿಂಗಳ, ಉತ್ತರಾಭಾದ್ರ ನಕ್ಷತ್ರದಂದು ಅದು ನಡೆಯುತ್ತದೆ. ಮಲಯಾಳದಲ್ಲಿ ಈ ನಕ್ಷತ್ರವೇ ಉತ್ರಟ್ಟಾದಿ.

ಹೊಳೆಬದಿಯ ಊರಿಗೆ ಅಲ್ಲಿ 'ಕರ' ಎನ್ನುತ್ತಾರೆ. ಇಂಥ 52 ಕರಗಳಿಗೆ ಪಳ್ಳಿಯೋಡಗಳಿವೆ. ಹೆಬ್ಬಲಸಿನ ಮರದ ಈ ಉದ್ದನೆಯ ದೋಣಿಯ ಹಿಂಬದಿ ಎತ್ತರಕ್ಕೆ ಬಾಗಿ ಏಳುತ್ತದೆ, ನಡುವೆ ಮುತ್ತುಕೊಡೆಗಳು. ದೋಣಿ ಒಬ್ಬ ಧನಿಯ ಸೊತ್ತಲ್ಲ, ಊರಿನದು. ಅದರಲ್ಲಿ ದೇವರ ಸಾನ್ನಿಧ್ಯವಿದೆಯೆಂಬ ನಂಬಿಕೆಯಿಂದ ಬರಿಗಾಲಲ್ಲೇ ಹತ್ತುತ್ತಾರೆ. ಹುಟ್ಟು ಹಾಕುವವರು ಕೂಲಿಗೆ ಬಂದವರಲ್ಲ, ಅದೇ ಕರದ ಸಾಮಾನ್ಯ ಜನ. ವರ್ಷವಿಡೀ ತಮ್ಮ ತಮ್ಮ ಕಸುಬು ನೋಡಿಕೊಂಡಿದ್ದು, ಹಬ್ಬದ ಕಾಲಕ್ಕೆ ಹುಟ್ಟು ಹಿಡಿಯುತ್ತಾರೆ. ವಂಚಿಪ್ಪಾಟ್ಟಿನ ತಾಳವೇ ಅವರಿಗೆ ಗುರು. 18ನೆಯ ಶತಮಾನದ ರಾಮಪುರತ್ತು ವಾರಿಯರ್ ಕುಚೇಲನ ಕಥೆಗೆ ಬಳಸಿದ್ದೂ ದೋಣಿಪದದ ಧಾಟಿಯನ್ನೇ.

ಇನ್ನು ವಳ್ಳಸದ್ಯದ ಸ್ವಾರಸ್ಯ! ಹರಕೆ ಹೊತ್ತವರು ದೋಣಿಯವರಿಗೆ ಇಕ್ಕುವ ಊಟವದು. ಎಲೆಯ ಮುಂದೆ ಕುಳಿತವರು ಬೇಕಾದ ಪದಾರ್ಥವನ್ನು ಹಾಡಿಯೇ ಕೇಳುತ್ತಾರೆ; ಕೇಳಿದ್ದಕ್ಕೆ ಇಲ್ಲವೆನ್ನುವಂತಿಲ್ಲ. ಬಗೆಗಳ ಲೆಕ್ಕ ಅರವತ್ತನ್ನು ದಾಟುತ್ತದೆ. ಯಕ್ಷಗಾನದ ಪದ ಕೇಳಿ ಬೆಳೆದ ನಮಗೆ ಈ ಬೇಡಿಕೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೊಳೆ ಹರಕೆಯನ್ನು ನೋಡುವುದಿಲ್ಲ. 2022ರ ಸೆಪ್ಟೆಂಬರ್ 10ರಂದು ಚೆನ್ನಿತ್ತಲದ ಪಳ್ಳಿಯೋಡ ಆರನ್ಮುಳಕ್ಕೆ ಹೊರಡುವ ಹೊತ್ತಿನಲ್ಲಿ ಅಚ್ಚನ್‌ಕೋವಿಲ್ ಹೊಳೆಯಲ್ಲಿ ಮಗುಚಿಕೊಂಡಿತು. ನೀರುಪಾಲಾದವರಲ್ಲಿ ಒಬ್ಬ ಶಾಲೆ ಕಲಿಯುತ್ತಿದ್ದ ಹುಡುಗ. ಹಗ್ಗ, ತೇಲುಬೆಲ್ಟು, ಈಜು ಬಲ್ಲವರ ಪಟ್ಟಿ ಇವೆಲ್ಲ ಆಚಾರಕ್ಕೆ ಅಡ್ಡಿಯೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಕಾವಲಿಗೆಂದೇ ಹುಟ್ಟಿದ ದೋಣಿಗಳಲ್ಲವೇ ಇವು? ಮರುದಿನ ಉತ್ರಟ್ಟಾದಿ, ಉಳಿದ ಕರಗಳ ದೋಣಿಗಳು ಆರನ್ಮುಳದ ಕಡವಿಗೆ ಬಂದು ಸೇರಿದವು.